ಹರಳಿನ ಎಡಬಲ



ಸಾರಿಗೆ ಹಿಂಡುವ ಹುಣಸೆಹಣ್ಣಿನಿಂದಲೇ ಮಾತು ಶುರುಮಾಡುತ್ತೇನೆ. ನಿಂಬೆಯ ಹುಳಿ ಸಿಟ್ರಿಕ್ ಆಮ್ಲದ್ದು, ಸೇಬಿನದು ಮ್ಯಾಲಿಕ್ ಆಮ್ಲದ್ದು. ಹುಣಸೆಯದು ಬೇರೆಯೇ ಹುಳಿ, ಟಾರ್ಟಾರಿಕ್ ಆಮ್ಲ. ಇದನ್ನು ಹೇರಳವಾಗಿ ಕೂಡಿಡುವ ಹಣ್ಣುಗಳು ಕೆಲವೇ. ಹುಣಸೆ, ದ್ರಾಕ್ಷಿ ಅವುಗಳಲ್ಲಿ ಮುಖ್ಯ. ಈ ಆಮ್ಲದ ಅಣುವಿಗೆ ಒಂದಕ್ಕೊಂದು ಕನ್ನಡಿಬಿಂಬವಾದ ಎರಡು ರೂಪಗಳುಂಟು. ಹುಣಸೆಮರ ಅವೆರಡರಲ್ಲಿ ಒಂದನ್ನೇ ಕಟ್ಟುತ್ತದೆ. ಮರದ ಮೇಲೆ ಮರ, ಊರಿನ ಮೇಲೆ ಊರು, ಎಲ್ಲೇ ಹೋಗಿ ಕಿತ್ತರೂ ಅದೇ ಒಂದು ರೂಪ.

ಇಂಥ ಅಣು ಒಂದು ಲೋಹದ ಜೊತೆ ಕೂಡಿ ಹರಳುಗಟ್ಟಿದರೆ ಆ ಹರಳಿನ ಹೊರಗಿನ ಆಕಾರ ಹೇಗಿರುತ್ತದೆ? ಒಳಗಿನ ಜೋಡಣೆ ಹೇಗಿರುತ್ತದೆ? ಹೊರಗನ್ನು ನೋಡಿ ಒಳಗನ್ನು ಹೇಳಬಹುದೇ? ಈ ಹೊತ್ತಿನ ಮಾತು ಇದರ ಸುತ್ತ. ಹೇಳಬಹುದು ಎಂದು ಒಬ್ಬ ಯುವಕ 1848ರಲ್ಲಿ ತೋರಿಸಿಕೊಟ್ಟ. ಅವನು ತೋರಿಸಿದ್ದು ನಿಜ. ಆದರೆ ಹರಳಿನ ಆಕಾರ ನುಡಿಯುವ ಸಾಕ್ಷಿಯನ್ನು ಪಾಟೀಸವಾಲಿಗೆ ಒಡ್ಡದೆ ನಂಬುವಂತಿಲ್ಲ ಎಂಬುದನ್ನು ರಸಾಯನ ವಿಜ್ಞಾನ ಕಲಿತದ್ದು ನಿಧಾನವಾಗಿ.

ಎಡಬಲ ಎಂದರೇನು ಎಂಬುದನ್ನು ಮೊದಲು ಸ್ಪಷ್ಟಮಾಡಿಕೊಳ್ಳೋಣ. ಶಂಖದಲ್ಲಿ ಎಡಮುರಿ, ಬಲಮುರಿ ಎಂದು ಎರಡು ಬಗೆ ಇರುವುದು ನಿಮಗೆ ಗೊತ್ತು. ಸುರುಳಿ ಒಂದರಲ್ಲಿ ಒಂದು ಕಡೆಗೆ ತಿರುಗಿದರೆ ಇನ್ನೊಂದರಲ್ಲಿ ಮತ್ತೊಂದು ಕಡೆಗೆ. ಹೇಗೆ ತಿರುಗಿಸಿಟ್ಟರೂ ಎಡಮುರಿ ಬಲಮುರಿಯಾಗುವುದಿಲ್ಲ. ಕನ್ನಡಿಯೊಳಗೆ ಮಾತ್ರ ಆಗುತ್ತದೆ. ಅಣುಗಳಲ್ಲೂ ಹೀಗೆಯೇ. ಇಂಥ ಗುಣವಿರುವ ವಸ್ತುವಿಗೆ ವಿಜ್ಞಾನಿಗಳು ಕೈರಲ್ ಎನ್ನುತ್ತಾರೆ. ಎಡ ಅಣುವಿಗೂ ಬಲ ಅಣುವಿಗೂ ತೂಕ ಒಂದೇ, ಕರಗುವ ಉಷ್ಣತೆ ಒಂದೇ, ನೀರಿನಲ್ಲಿ ಬೆರೆಯುವ ಪ್ರಮಾಣವೂ ಒಂದೇ. ಆದರೆ ನಮ್ಮ ಮೈ ಕೂಡ ಎಡಬಲವುಳ್ಳ ಅಣುಗಳಿಂದಲೇ ಆಗಿರುವುದರಿಂದ ಅದಕ್ಕೆ ಈ ಎರಡರ ವ್ಯತ್ಯಾಸ ತಿಳಿಯುತ್ತದೆ. ನೆಗಡಿ, ಅಲರ್ಜಿಗೆ ಔಷಧದಂಗಡಿಯಲ್ಲಿ ಸಿಗುವ ಲಿವೊಸಿಟ್ರಿಜಿನ್ ಮಾತ್ರೆ ಹಳೆಯ ಸಿಟ್ರಿಜಿನ್‌ನ ಒಂದೇ ಕೈಯ ರೂಪ. ಎರಡು ಕೈಗಳ ಮಿಶ್ರಣದಿಂದ ಕೆಲಸ ಮಾಡುವ ಕೈಯನ್ನಷ್ಟೇ ತೆಗೆದುಕೊಂಡಿದ್ದಾರೆ. ಹಾಗೆ ಬೇರ್ಪಡಿಸುವುದು ಸುಲಭದ ಕೆಲಸವಲ್ಲ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಪ್ಯಾರಿಸ್ಸಿಗೆ ಹೋಗೋಣ. ಲೂಯಿ ಪಾಶ್ಚರ್ ಎಂದರೆ ನಮಗೆ ಹುಚ್ಚುನಾಯಿ ಕಡಿತದ ಲಸಿಕೆ, ಕಾಯಿಸಿದ ಹಾಲು ನೆನಪಾಗುತ್ತವೆ. ಅವೆಲ್ಲ ಆಮೇಲಿನವು. 1848ರ ವಸಂತದಲ್ಲಿ ಅವನಿಗೆ ಇಪ್ಪತ್ತೈದು ವರ್ಷ. ಡಾಕ್ಟರೇಟ್ ಮುಗಿಸಿ ಎಕೋಲ್ ನೊರ್ಮಾಲ್ ಸಂಸ್ಥೆಯಲ್ಲಿ ಹರಳುಗಳ ಕೆಲಸ ಮಾಡುತ್ತಿದ್ದ. ದ್ರಾಕ್ಷಾರಸದ ಪೀಪಾಯಿಗಳ ಒಳಗೋಡೆಗೆ ಕಟ್ಟುವ ಕಿಟ್ಟದಿಂದ ತೆಗೆದ ಟಾರ್ಟಾರಿಕ್ ಆಮ್ಲ ಆಗ ಎಲ್ಲ ರಸಾಯನ ತಜ್ಞರಿಗೂ ಪರಿಚಿತ. ಅದರ ದ್ರಾವಣದ ಮೂಲಕ ಧ್ರುವೀಕೃತ ಬೆಳಕನ್ನು, ಅಂದರೆ ಒಂದೇ ಸಮತಲದಲ್ಲಿ ಕಂಪಿಸುವ ಬೆಳಕನ್ನು ಹಾಯಿಸಿದರೆ, ಆ ಸಮತಲ ಬಲಕ್ಕೆ ಹೊರಳುತ್ತದೆ. ಇದನ್ನು ಕಂಡುಕೊಂಡಿದ್ದವರು ಝಾನ್ ಬಾಪ್ಟಿಸ್ಟ್ ಬಿಯೊ ಎಂಬ ಹಿರಿಯ ಭೌತವಿಜ್ಞಾನಿ. ಜೊತೆಗೆ ಇನ್ನೊಂದು ಆಮ್ಲವೂ ಸಿಕ್ಕಿತ್ತು. ಸಂಯೋಜನೆ ಒಂದೇ, ಆದರೆ ಅದು ಬೆಳಕನ್ನು ಎತ್ತಲೂ ಹೊರಳಿಸುವುದಿಲ್ಲ. ಅದನ್ನು ಪ್ಯಾರಾಟಾರ್ಟಾರಿಕ್ ಎಂದು ಕರೆದರು. ಜರ್ಮನಿಯ ಮಿಟ್ಶರ್ಲಿಕ್ 1844ರಲ್ಲಿ ಒಂದು ಒಗಟನ್ನು ಮುಂದಿಟ್ಟ: ಈ ಎರಡು ಆಮ್ಲಗಳ ಸೋಡಿಯಂ ಅಮೋನಿಯಂ ಲವಣಗಳ ಹರಳುಗಳು ಕೋನದಲ್ಲಿ, ಆಕಾರದಲ್ಲಿ, ಎಲ್ಲದರಲ್ಲೂ ಒಂದೇ, ಆದರೂ ಒಂದು ಬೆಳಕನ್ನು ಹೊರಳಿಸುತ್ತದೆ, ಇನ್ನೊಂದು ಹೊರಳಿಸುವುದಿಲ್ಲ.

ಪಾಶ್ಚರ್‌ಗೆ ಇದು ಸಮಾಧಾನ ಕೊಡಲಿಲ್ಲ. ಒಳಗೆ ವ್ಯತ್ಯಾಸವಿದ್ದರೆ ಹೊರಗೂ ಕಾಣಲೇಬೇಕು ಎಂಬ ಹಟ ಅವನದು. ಅದಕ್ಕೆ ಆಧಾರವೂ ಇತ್ತು. ಬೆಣಚುಕಲ್ಲಿನ ಹರಳುಗಳಲ್ಲಿ ಕೆಲವಕ್ಕೆ ಒಂದು ಮಗ್ಗುಲಲ್ಲಿ, ಕೆಲವಕ್ಕೆ ಇನ್ನೊಂದು ಮಗ್ಗುಲಲ್ಲಿ ಚಿಕ್ಕ ಓರೆಮುಖಗಳಿರುತ್ತವೆ. ಆ ಮುಖಗಳಿರುವ ದಿಕ್ಕಿಗೂ ಬೆಣಚು ಬೆಳಕನ್ನು ಹೊರಳಿಸುವ ದಿಕ್ಕಿಗೂ ನಂಟಿದೆ ಎಂದು ಇಂಗ್ಲೆಂಡಿನ ಜಾನ್ ಹರ್ಷೆಲ್ 1820ರ ಹೊತ್ತಿಗೇ ಹೇಳಿದ್ದ. ಪಾಶ್ಚರ್ ಟಾರ್ಟಾರಿಕ್ ಲವಣದ ಹರಳುಗಳನ್ನು ಹೊರಳಿಸಿ ನೋಡಿದ. ಮಿಟ್ಶರ್ಲಿಕ್‌ನ ಕಣ್ಣಿಗೆ ಬೀಳದಿದ್ದ ಪುಟ್ಟ ಓರೆಮುಖಗಳು ಕಂಡವು, ಎಲ್ಲವೂ ಒಂದೇ ಕಡೆ. ಹಾಗಾದರೆ ಬೆಳಕನ್ನು ಹೊರಳಿಸದ ಪ್ಯಾರಾಟಾರ್ಟಾರಿಕ್ ಲವಣದಲ್ಲಿ ಅಂಥ ಮುಖಗಳೇ ಇರಬಾರದು ಎಂದುಕೊಂಡ. ನೋಡಿದರೆ ಅಲ್ಲೂ ಇವೆ! ಆದರೆ ಕೆಲವು ಹರಳುಗಳಲ್ಲಿ ಬಲಕ್ಕೆ, ಕೆಲವು ಹರಳುಗಳಲ್ಲಿ ಎಡಕ್ಕೆ.

ಆಮೇಲೆ ಅವನು ಮಾಡಿದ್ದು ಕಾಳು ಆರಿಸುವಷ್ಟು ಸರಳ ಕೆಲಸ. ಹರಳುಗಳನ್ನು ಒಂದೊಂದಾಗಿ ಎತ್ತಿ ಎಡದವನ್ನು ಒಂದು ಕಡೆ, ಬಲದವನ್ನು ಇನ್ನೊಂದು ಕಡೆ ಹಾಕಿದ. ಬೇರೆಬೇರೆಯಾಗಿ ನೀರಿನಲ್ಲಿ ಕರಗಿಸಿದ. ಒಂದು ದ್ರಾವಣ ಬೆಳಕನ್ನು ಬಲಕ್ಕೆ ಹೊರಳಿಸಿತು, ಇನ್ನೊಂದು ಅಷ್ಟೇ ಪ್ರಮಾಣದಲ್ಲಿ ಎಡಕ್ಕೆ. ಎರಡನ್ನೂ ಸಮನಾಗಿ ಬೆರೆಸಿದರೆ ಸೊನ್ನೆ. ಪ್ಯಾರಾಟಾರ್ಟಾರಿಕ್ ಆಮ್ಲ ಎಂಬ ಬೇರೆ ವಸ್ತುವೇನೂ ಇರಲಿಲ್ಲ. ಅದು ಎಡ ಬಲಗಳ ಸಮಪಾಲು ಮಿಶ್ರಣ.

ಬಿಯೊಗೆ ಆಗ ಎಪ್ಪತ್ತು ದಾಟಿತ್ತು. ಸುಲಭಕ್ಕೆ ಒಪ್ಪುವ ಮನುಷ್ಯ ಅಲ್ಲ. ಹುಡುಗನನ್ನು ಕರೆಸಿ, ತಾನೇ ಪರೀಕ್ಷಿಸಿಟ್ಟಿದ್ದ ಆಮ್ಲ ಕೊಟ್ಟು, ತನ್ನ ಕಣ್ಣೆದುರೇ ದ್ರಾವಣ ಮಾಡಿಸಿ, ಹರಳುಗಟ್ಟಲು ತನ್ನ ಬಳಿಯೇ ಇಟ್ಟುಕೊಂಡ. ಹರಳು ಬಂದ ಮೇಲೆ ಮತ್ತೆ ಕರೆಸಿ ಎಡಬಲ ಆರಿಸಲು ಹೇಳಿದ. ದ್ರಾವಣಗಳನ್ನು ಮಾತ್ರ ತಾನೇ ತಯಾರಿಸಿದ. ಮೊದಲು ಇಟ್ಟದ್ದು ಎಡದ್ದನ್ನೇ, ಅದುವರೆಗೆ ಯಾರೂ ಕಾಣದಿದ್ದದ್ದನ್ನು. ಉಪಕರಣದಲ್ಲಿ ಬೆಳಕು ಎಡಕ್ಕೆ ಹೊರಳಿದ್ದು ಕಂಡು ಮುದುಕ ಭಾವುಕನಾಗಿ ಪಾಶ್ಚರ್‌ನ ಕೈ ಹಿಡಿದುಕೊಂಡ. ವಿಜ್ಞಾನದಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಪರಿಶೀಲಿಸುವುದು ಹೇಗಿರಬೇಕು ಎಂಬುದಕ್ಕೆ ನನಗೆ ಇಷ್ಟು ಚೆಂದದ ಉದಾಹರಣೆ ಬೇರೆ ಸಿಕ್ಕಿಲ್ಲ.

ಇಷ್ಟರಲ್ಲಿ ಅದೃಷ್ಟದ ಪಾಲೂ ಇತ್ತು. ಈ ಲವಣ ಎಡ ಬಲವಾಗಿ ಬೇರೆಬೇರೆ ಹರಳುಗಟ್ಟುವುದು ಸುಮಾರು 27 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮಾತ್ರ. ಅದಕ್ಕಿಂತ ಸೆಕೆಯಿದ್ದರೆ ಎರಡೂ ಬಗೆಯ ಅಣುಗಳು ಒಂದೇ ಹರಳಿನೊಳಗೆ ಜೋಡಿ ಕೂರುತ್ತವೆ, ಆರಿಸಲು ಏನೂ ಉಳಿಯುವುದಿಲ್ಲ. ಪ್ಯಾರಿಸ್ಸಿನ ತಂಪು ಕೈ ಹಿಡಿಯಿತು. ರಾಯಚೂರಿನ ಏಪ್ರಿಲ್ಲಿನಲ್ಲಿ ಈ ಪ್ರಯೋಗಕ್ಕೆ ಇಳಿದಿದ್ದರೆ ಪಾಶ್ಚರ್ ಬೇರೆ ವಿಷಯ ಹುಡುಕಿಕೊಳ್ಳಬೇಕಾಗುತ್ತಿತ್ತು. ಉಷ್ಣತೆ ಸರಿಯಿದ್ದರೂ ಹೀಗೆ ತಾನಾಗಿ ಎಡಬಲ ಬೇರೆಯಾಗುವ ವಸ್ತುಗಳು ಅಪರೂಪ, ಅಂದಾಜು ನೂರರಲ್ಲಿ ಐದರಿಂದ ಹತ್ತು.

ಪಾಶ್ಚರ್‌ನ ಹರಳಿನಲ್ಲಿ ಸೋಡಿಯಂ ಇತ್ತು, ಅಮೋನಿಯಂ ಇತ್ತು, ಟಾರ್ಟಾರಿಕ್ ಇತ್ತು, ನೀರೂ ಇತ್ತು. ಅಮೋನಿಯಂ ಇರುವ ಜಾಗದಲ್ಲಿ ಪೊಟ್ಯಾಸಿಯಂ ಕೂರಿಸಿದರೆ ಅದೇ ಜೋಡಣೆಯ ಇನ್ನೊಂದು ಹರಳು ಸಿಗುತ್ತದೆ. ಫ್ರಾನ್ಸಿನ ಲಾ ರೊಶೆಲ್ ಊರಿನ ಸೆನ್ಯೆಟ್ ಎಂಬ ಔಷಧ ವ್ಯಾಪಾರಿ ಇದನ್ನು ಹದಿನೇಳನೇ ಶತಮಾನದಲ್ಲೇ ಹೊಟ್ಟೆ ಸಡಿಲಿಸುವ ಮದ್ದಾಗಿ ಮಾರುತ್ತಿದ್ದ. ರೊಶೆಲ್ ಲವಣ ಎಂದೇ ಇದರ ಹೆಸರು. ಪಿಯುಸಿಯಲ್ಲಿ ವಿಜ್ಞಾನ ಓದಿದವರ ಕೈ ಇದನ್ನು ಮುಟ್ಟಿರುತ್ತದೆ: ಸಕ್ಕರೆ ಪರೀಕ್ಷೆಯ ಫೆಹ್ಲಿಂಗ್ ದ್ರಾವಣದಲ್ಲಿ ತಾಮ್ರವನ್ನು ತಳಕ್ಕೆ ಇಳಿಯದಂತೆ ಹಿಡಿದಿಟ್ಟುಕೊಳ್ಳುವುದು ಈ ಲವಣದ ಟಾರ್ಟಾರೇಟ್.

ಬಾನುಲಿಯಲ್ಲಿ ಕೂತು ರೊಶೆಲ್ ಲವಣದ ಮಾತೆತ್ತಿದ ಮೇಲೆ ಒಂದು ಋಣ ಹೇಳದೆ ಮುಂದೆ ಹೋಗಲಾಗದು. ಎಡಬಲವುಳ್ಳ ಹರಳಿನಲ್ಲಿ ಒಂದು ಬದಿಯಲ್ಲಿ ಇರುವುದು ಎದುರು ಬದಿಯಲ್ಲಿ ತಲೆಕೆಳಗಾಗಿ ಮತ್ತೆ ಸಿಗುವುದಿಲ್ಲ. ವಿಜ್ಞಾನಿಗಳ ಮಾತಿನಲ್ಲಿ ಅದಕ್ಕೆ ಸಮಮಿತಿಯ ಕೇಂದ್ರವಿಲ್ಲ. ಅಂಥ ಹರಳನ್ನು ಒತ್ತಿದಾಗ ಒಳಗಿನ ಧನ ಋಣ ವಿದ್ಯುದಂಶಗಳು ಸರಿದು ಮೇಲ್ಮೈಯಲ್ಲಿ ವಿದ್ಯುತ್ತು ಹುಟ್ಟಬಲ್ಲದು. ಝಾಕ್ ಮತ್ತು ಪಿಯೆರ್ ಕ್ಯೂರಿ ಸೋದರರು 1880ರಲ್ಲಿ ಇದನ್ನು ಕಂಡುಕೊಂಡಾಗ ಪರೀಕ್ಷಿಸಿದ ಹರಳುಗಳಲ್ಲಿ ಬೆಣಚು ಇತ್ತು, ಕಬ್ಬಿನ ಸಕ್ಕರೆ ಇತ್ತು, ರೊಶೆಲ್ ಲವಣವೂ ಇತ್ತು. ನೀವು ಪೂಜೆಗೆ ತರುವ ಕಲ್ಲುಸಕ್ಕರೆಗೂ ಈ ಗುಣವಿದೆ ಎಂದಾಯಿತು. ರೊಶೆಲ್ ಲವಣದಲ್ಲಿ ಇದು ಬಹಳ ಜೋರು. ದನಿಯ ಕಂಪನವೇ ಸಾಕು, ತಂತಿಯಲ್ಲಿ ಸಂಕೇತ ಹರಿಯುತ್ತದೆ. 1930ರ ದಶಕದಿಂದ ಮುಂದಕ್ಕೆ ಕ್ರಿಸ್ಟಲ್ ಮೈಕು, ಗ್ರಾಮಫೋನ್ ಮುಳ್ಳಿನ ಕ್ರಿಸ್ಟಲ್ ಪಿಕಪ್ಪು ಎಂದು ಜಗತ್ತಿನ ತುಂಬ ಹರಡಿದವು ಬಹುಪಾಲು ಈ ಹುಳಿಯ ಹರಳಿನ ತುಂಡುಗಳೇ. ಅದರ ದೌರ್ಬಲ್ಯವೂ ಒಳರಚನೆಯಲ್ಲೇ ಇತ್ತು. ಹರಳಿನಲ್ಲಿ ಪ್ರತಿ ಟಾರ್ಟಾರೇಟ್‌ಗೂ ನಾಲ್ಕು ನೀರಿನ ಅಣುಗಳು ಸೇರಿ ಕೂತಿವೆ. ಒಣಹವೆಯಲ್ಲಿ ಆ ನೀರು ಹೊರಟುಹೋಗುತ್ತದೆ, ಸುಮಾರು 55 ಡಿಗ್ರಿ ಮುಟ್ಟಿದರೆ ಹರಳೇ ಹಾಳಾಗುತ್ತದೆ. ಹಾಗಾಗಿ ಮುಂದೆ ಬೇರಿಯಂ ಟೈಟನೇಟ್‌ನಂಥ ಸೆರಾಮಿಕ್ ಅದರ ಜಾಗಕ್ಕೆ ಬಂತು.

ಈಗ ಒಳಗೆ ಹೊಕ್ಕು ನೋಡೋಣ. ಹರಳೆಂದರೆ ಒಂದೇ ಘಟಕ ಮೂರೂ ದಿಕ್ಕಿನಲ್ಲಿ ತಪ್ಪದೆ ಮರಳಿ ಮರಳಿ ಬರುವ ಜೋಡಣೆ. ಹೀಗೆ ಮರಳಿ ಬರುವುದಕ್ಕೆ ಗಣಿತದಲ್ಲಿ ಇರುವ ಬಗೆಗಳು ಒಟ್ಟು 230. ರಷ್ಯದ ಫ್ಯೊದರೊವ್, ಜರ್ಮನಿಯ ಶ್ಯೋನ್‌ಫ್ಲೀಸ್ ಇಬ್ಬರೂ 1890ರ ದಶಕದ ಆರಂಭದಲ್ಲಿ, ಎಕ್ಸ್ ಕಿರಣ ಇನ್ನೂ ಪತ್ತೆಯಾಗುವ ಮೊದಲೇ, ಕಾಗದದ ಮೇಲೆ ಈ ಲೆಕ್ಕ ಮುಗಿಸಿದ್ದರು. ಒಂದೇ ಕೈಯ ಅಣುಗಳಿಂದ ಕಟ್ಟಿದ ಹರಳಿಗೆ ಆ 230ರಲ್ಲಿ 65 ಮಾತ್ರ ತೆರೆದಿರುತ್ತವೆ. ಉಳಿದವೆಲ್ಲ ಎಲ್ಲೋ ಒಂದು ಕಡೆ ಕನ್ನಡಿಬಿಂಬವನ್ನೋ ತಲೆಕೆಳಗಾದ ರೂಪವನ್ನೋ ಕೇಳುತ್ತವೆ. ಅದನ್ನು ಒದಗಿಸಲು ಇನ್ನೊಂದು ಕೈಯ ಅಣು ಅಲ್ಲಿ ಇಲ್ಲ. ಪಾಶ್ಚರ್ ಕಂಡ ಓರೆಮುಖದ ಗುಟ್ಟು ಇಷ್ಟೇ. ಕನ್ನಡಿ ಸಮಮಿತಿ ಇರುವ ಹರಳಿನಲ್ಲಿ ಒಂದು ಮೂಲೆಯ ಮುಖಕ್ಕೆ ಜೋಡಿಮುಖ ಇರಲೇಬೇಕು. ಇಲ್ಲಿ ಆ ಕಟ್ಟುಪಾಡಿಲ್ಲ.

ಒಳಗನ್ನು ಕಾಣಲು ಎಕ್ಸ್ ಕಿರಣ ಬಂದ ಮೇಲೂ ಒಂದು ತೊಡಕು ಉಳಿಯಿತು. ಹರಳಿನ ಪದರಗಳಿಗೆ ಮುಂದಿನಿಂದ ಕಿರಣ ಬಿಟ್ಟರೂ ಹಿಂದಿನಿಂದ ಬಿಟ್ಟರೂ ಚದುರಿ ಬರುವ ಚುಕ್ಕೆಗಳ ಹೊಳಪು ಒಂದೇ. ಅಂದರೆ ಪರಮಾಣುಗಳು ಎಲ್ಲೆಲ್ಲಿವೆ ಎಂದು ಪೂರ್ತಿ ತಿಳಿದರೂ, ಕೈಯಲ್ಲಿರುವುದು ಎಡವೋ ಅದರ ಬಿಂಬವಾದ ಬಲವೋ ಎಂದು ಹೇಳಲಾಗದು. ಜರ್ಮನಿಯ ಎಮಿಲ್ ಫಿಶರ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಸಕ್ಕರೆಗಳಿಗೆ ಒಂದು ರೂಪವನ್ನು ಸುಮ್ಮನೆ ಊಹಿಸಿ ಹಚ್ಚಿಬಿಟ್ಟಿದ್ದ. ಸರಿಯಾಗುವ ಸಾಧ್ಯತೆ ಅರ್ಧಕ್ಕರ್ಧ. ಅರವತ್ತು ವರ್ಷ ಜಗತ್ತಿನ ಸಾವಯವ ರಸಾಯನಶಾಸ್ತ್ರವೆಲ್ಲ ಆ ಊಹೆಯ ಮೇಲೆ ನಿಂತಿತ್ತು.

ಈ ತೊಡಕನ್ನು ಬಿಡಿಸಿದವರು ಹಾಲೆಂಡಿನ ಊಟ್ರೆಕ್ಟ್‌ನಲ್ಲಿದ್ದ ಯೊಹಾನೆಸ್ ಬೈವೂಟ್ ಮತ್ತು ಅವರ ಸಂಗಡಿಗರಾದ ಪೇರ್ಡೆಮನ್, ವಾನ್ ಬೊಮ್ಮೆಲ್. ವರ್ಷ 1951. ಅವರು ಆರಿಸಿಕೊಂಡದ್ದು ಯಾವ ಹರಳು ಗೊತ್ತೇ? ಮತ್ತೆ ಅದೇ ಟಾರ್ಟಾರೇಟ್. ಅಮೋನಿಯಂ, ಪೊಟ್ಯಾಸಿಯಂ ಕೂತಿದ್ದ ಜಾಗದಲ್ಲಿ ಹೆಚ್ಚುಕಡಿಮೆ ಅಷ್ಟೇ ಗಾತ್ರದ ರುಬಿಡಿಯಂ ಲೋಹವನ್ನು ಕೂರಿಸಿದರು. ಜೋಡಣೆ ಕೆಡಲಿಲ್ಲ. ಆದರೆ ರುಬಿಡಿಯಂ ಭಾರದ ಪರಮಾಣು. ಜಿರ್ಕೋನಿಯಂನಿಂದ ಹೊರಡುವ ಎಕ್ಸ್ ಕಿರಣದ ಶಕ್ತಿ ರುಬಿಡಿಯಂನ ಒಳಗಿನ ಎಲೆಕ್ಟ್ರಾನುಗಳನ್ನು ಕೆಣಕುವಷ್ಟಿರುತ್ತದೆ. ಹಾಗಾಗಿ ಆ ಪರಮಾಣುವಿನಿಂದ ಚದುರುವ ಅಲೆ ಉಳಿದವುಗಳೊಡನೆ ಹೆಜ್ಜೆ ತಪ್ಪುತ್ತದೆ. ಆಗ ಮುಂದಿನ ಚುಕ್ಕೆಗೂ ಹಿಂದಿನ ಚುಕ್ಕೆಗೂ ಹೊಳಪಿನಲ್ಲಿ ಸಣ್ಣ ವ್ಯತ್ಯಾಸ ಬರುತ್ತದೆ. ಯಾವುದು ಹೆಚ್ಚು, ಯಾವುದು ಕಡಿಮೆ ಎಂಬುದರಿಂದ ಎಡಬಲ ತೀರ್ಮಾನ. ಫಿಶರ್‌ನ ಊಹೆ ಸರಿಯಾಗಿತ್ತು. ತಪ್ಪಾಗಿದ್ದರೆ ಪಠ್ಯಪುಸ್ತಕಗಳ ಚಿತ್ರಗಳನ್ನೆಲ್ಲ ಕನ್ನಡಿಯಲ್ಲಿ ತಿರುಗಿಸಿ ಅಚ್ಚುಹಾಕಬೇಕಾಗುತ್ತಿತ್ತು.

ಹರಳು ಮತ್ತು ಬೆಳಕಿನ ಈ ವಿದ್ಯೆಯಲ್ಲಿ ಬೆಂಗಳೂರಿನ ಪಾಲು ಸಣ್ಣದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಎಸ್. ರಾಮಶೇಷನ್ 1961ರಲ್ಲಿ ಜರ್ಮನಿಯ ಭೌತವಿಜ್ಞಾನದ ಮಹಾಕೋಶಕ್ಕೆ ಹರಳುಗಳ ದೃಗ್ವಿಜ್ಞಾನವನ್ನು ಕುರಿತು ಪುಸ್ತಕದಷ್ಟು ದೊಡ್ಡ ಅಧ್ಯಾಯವನ್ನೇ ಬರೆದುಕೊಟ್ಟರು. ಬೈವೂಟ್ ಬಳಸಿದ ಹೆಜ್ಜೆತಪ್ಪಿದ ಅಲೆಗಳನ್ನು ಹಿಡಿದು ಹರಳಿನ ರಚನೆಯನ್ನೇ ಬಿಡಿಸುವ ದಾರಿಗಳ ಮೇಲೂ ಇಬ್ಬರೂ ಕೆಲಸ ಮಾಡಿದರು.

ಇನ್ನು ಪಾಟೀಸವಾಲು. ಹೊರ ಆಕಾರ ಒಳಗಿನ ಸತ್ಯವನ್ನೇ ಹೇಳುತ್ತದೆಯೇ?

ಹರಳಿನ ಆಕಾರ ತೀರ್ಮಾನವಾಗುವುದು ಬೆಳವಣಿಗೆಯ ಓಟದಲ್ಲಿ. ಬೇಗ ಬೆಳೆಯುವ ಮುಖ ತನ್ನನ್ನು ತಾನೇ ಅಳಿಸಿಕೊಂಡು ಮೂಲೆಯಾಗಿ ಬಿಡುತ್ತದೆ. ನಿಧಾನಿಯಾದ ಮುಖವೇ ಕೊನೆಗೆ ದೊಡ್ಡದಾಗಿ ಉಳಿಯುವುದು. ದ್ರಾವಣದ ಸಾಂದ್ರತೆ, ಉಷ್ಣತೆ, ಒಂದು ಚಿಟಿಕೆ ಕಲ್ಮಶ, ಇವೆಲ್ಲ ಈ ಓಟವನ್ನು ಬದಲಿಸುತ್ತವೆ. ಹಾಗಾಗಿ ಎಡಬಲ ತೋರಿಸಬೇಕಾದ ಓರೆಮುಖ ಒಮ್ಮೆ ಬರಬಹುದು, ಒಮ್ಮೆ ಬಾರದೆಯೂ ಇರಬಹುದು. ಸೋಡಿಯಂ ಕ್ಲೋರೇಟ್ ಎಂಬ ಲವಣದ ಒಳಜೋಡಣೆಗೆ ಸ್ಪಷ್ಟವಾದ ಎಡಬಲವಿದೆ. ಹೊರಗೆ ನೋಡಿದರೆ ಸಾಮಾನ್ಯವಾಗಿ ಅಡುಗೆ ಉಪ್ಪಿನ ಹಾಗೆ ಸಪ್ಪೆ ಘನಾಕೃತಿ, ಬಾಯಿಯೇ ಬಿಡುವುದಿಲ್ಲ. ಧ್ರುವೀಕೃತ ಬೆಳಕಿನಲ್ಲಿಟ್ಟರೆ ಮಾತ್ರ ಗುಟ್ಟು ಬಯಲು. ಸರಿ, ಆಕಾರ ಬೇಡ, ಬೆಳಕನ್ನೇ ನಂಬೋಣ ಎಂದರೆ ಅದೂ ಪೂರ್ತಿ ನಂಬಿಕಸ್ಥನಲ್ಲ. ಸೋಡಿಯಂ ಕ್ಲೋರೇಟ್, ಸೋಡಿಯಂ ಬ್ರೋಮೇಟ್ ಎರಡರ ಜೋಡಣೆಯೂ ಒಂದೇ ಬಗೆಯದು. ಆದರೆ ಒಂದೇ ಕೈಯ ಜೋಡಣೆಯಿದ್ದರೂ ಇವೆರಡೂ ಬೆಳಕನ್ನು ಹೊರಳಿಸುವ ದಿಕ್ಕು ಬೇರೆಬೇರೆ. ಇನ್ನು ತಿರುವುಮುರುವಿನ ಸಾಕ್ಷಿಯೂ ಇದೆ. ಕ್ಯಾಲ್ಸೈಟ್, ಅಂದರೆ ಸುಣ್ಣದ ಹರಳಿಗೆ, ಒಳಗೆ ಎಡಬಲವೇ ಇಲ್ಲ. ಆದರೆ ಅದು ಬೆಳೆಯುವ ದ್ರಾವಣಕ್ಕೆ ಆಸ್ಪಾರ್ಟಿಕ್ ಆಮ್ಲದ ಒಂದು ಕೈಯನ್ನು ಸೇರಿಸಿದರೆ ಮೇಲ್ಮೈಯಲ್ಲಿ ಏಳುವ ಪುಟ್ಟ ದಿಬ್ಬಗಳು ಒಂದು ಕಡೆಗೆ ವಾಲುತ್ತವೆ, ಇನ್ನೊಂದು ಕೈಯನ್ನು ಸೇರಿಸಿದರೆ ಇನ್ನೊಂದು ಕಡೆಗೆ. 2001ರಲ್ಲಿ ಇದು ಪ್ರಕಟವಾಯಿತು. ಹೊರಗೆ ಎಡಬಲ, ಒಳಗೆ ಇಲ್ಲ.

ಇದೇ ಕಲ್ಮಶದ ಆಟವನ್ನು ಬುದ್ಧಿವಂತಿಕೆಯಿಂದ ತಿರುಗಿಸಿದವರೂ ಇದ್ದಾರೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಮೇಯಿರ್ ಲಹಾವ್, ಲೆಸ್ಲಿ ಲೈಸೆರೊವಿಟ್ಜ್ ಮತ್ತು ಸಂಗಡಿಗರು ಹರಳಿನ ಅಣುವನ್ನೇ ಹೋಲುವ, ಒಂದು ತುದಿ ಮಾತ್ರ ಬೇರೆಯಾದ ಅಣುವನ್ನು ಬೇಕೆಂದೇ ಬೆರೆಸಿದರು. ಅದು ಕೆಲವು ಮುಖಗಳಿಗೆ ಮಾತ್ರ ಅಂಟಿ ಅವುಗಳ ಬೆಳವಣಿಗೆಯನ್ನು ತಡೆಯುತ್ತದೆ. ಯಾವ ತುದಿಯ ಮುಖ ದೊಡ್ಡದಾಯಿತು ಎಂದು ನೋಡಿದರೆ ಅಣುವಿನ ಎಡಬಲ ತಿಳಿಯುತ್ತದೆ. 1982ರಲ್ಲಿ ಹೀಗೆ ಅವರು ಬೈವೂಟ್ ತೀರ್ಪನ್ನು ಎಕ್ಸ್ ಕಿರಣದ ಆ ಹೆಜ್ಜೆತಪ್ಪಿನ ಹಂಗಿಲ್ಲದೆ ಇನ್ನೊಮ್ಮೆ ದೃಢಪಡಿಸಿದರು. ಆಕಾರವೆಂಬ ಸಾಕ್ಷಿ ನಿಜ ಹೇಳುತ್ತದೆ, ಸರಿಯಾದ ಪ್ರಶ್ನೆ ಕೇಳಲು ಬರಬೇಕು ಅಷ್ಟೆ.

ಇಷ್ಟು ಹೊತ್ತು ನಾನು ಹೇಳಿದ ಟಾರ್ಟಾರೇಟ್ ಹರಳುಗಳಲ್ಲಿ ಲೋಹ, ಸಾವಯವ ಅಣು ಎರಡೂ ಒತ್ತೊತ್ತಾಗಿ ಕೂತಿರುತ್ತವೆ. ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ ಬೇರೆ ಬಗೆಯ ಹರಳುಗಳು ಬಂದಿವೆ. ಲೋಹದ ಪರಮಾಣುಗಳು ಗಂಟುಗಳಾಗಿ, ಉದ್ದನೆಯ ಸಾವಯವ ಅಣುಗಳು ಗಳುಗಳಾಗಿ ನಿಂತ ಹಂದರಗಳು ಇವು. ಒಳಗೆಲ್ಲ ಖಾಲಿ ಜಾಗ. ಮೆಲ್ಬರ್ನಿನ ರಿಚರ್ಡ್ ರಾಬ್ಸನ್ 1989ರಲ್ಲಿ ತಾಮ್ರದಿಂದ ಇಂಥದೊಂದನ್ನು ಕಟ್ಟಿದರು. ಆಮೇಲೆ ಕ್ಯೋಟೊದ ಸುಸುಮು ಕಿತಗಾವ, ಅಮೆರಿಕದ ಒಮರ್ ಯಾಘಿ ಇದನ್ನು ಬೆಳೆಸಿದರು. ಮೂವರಿಗೂ 2025ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಇವುಗಳಲ್ಲಿ ಅನಿಲ ತುಂಬಿಡುವುದು, ಮರುಭೂಮಿಯ ಗಾಳಿಯಿಂದ ನೀರು ಹಿಂಡುವುದು, ಇವೆಲ್ಲ ಸಾಕಷ್ಟು ಪ್ರಚಾರ ಪಡೆದಿವೆ. ನನಗೆ ಅದಕ್ಕಿಂತ ಕುತೂಹಲ ಇವುಗಳ ಎಡಬಲದಲ್ಲಿ.

ಒಂದೇ ಕೈಯ ಗಳುಗಳಿಂದ ಹಂದರ ಕಟ್ಟಿದರೆ ಒಳಗಿನ ಓಣಿಗಳಿಗೂ ಆ ಕೈ ಬರಬೇಕಲ್ಲವೇ? ದಕ್ಷಿಣ ಕೊರಿಯಾದ ಪೋಹಾಂಗ್‌ನಲ್ಲಿ ಕಿಮೂನ್ ಕಿಮ್ ಮತ್ತು ಸಂಗಡಿಗರು 2000ದಲ್ಲಿ ಹಾಗೆಯೇ ಮಾಡಿ ತೋರಿಸಿದರು. ಗಳುವಿಗೆ ಅವರು ಆರಿಸಿದ್ದು ಯಾವುದನ್ನು? ಟಾರ್ಟಾರಿಕ್ ಆಮ್ಲದಿಂದ ತಯಾರಿಸಿದ ಅಣುವನ್ನು! ಗಂಟಿಗೆ ಸತು. ಮೂರು ಮೂರು ಸತುವಿನ ಪರಮಾಣುಗಳು ಒಂದು ಆಮ್ಲಜನಕದ ಸುತ್ತ ಸೇರಿದ ಗಂಟುಗಳ ನಡುವೆ ತ್ರಿಕೋನಾಕಾರದ ಓಣಿಗಳು. ಓಣಿಯ ಒಂದು ಬದಿಯ ಅಳತೆ ಸುಮಾರು 13 ಆಂಗ್‌ಸ್ಟ್ರಾಂ, ಅಂದರೆ ಒಂದು ಮಿಲಿಮೀಟರಿನ ಕೋಟಿ ಪಾಲಿನಲ್ಲಿ ಹದಿಮೂರು ಪಾಲು. ಎಡಬಲ ಮಿಶ್ರಣವಾದ ಒಂದು ರುಥೇನಿಯಂ ಸಂಯುಕ್ತವನ್ನು ಈ ಹರಳಿಗೆ ಒಡ್ಡಿದಾಗ ಅದು ಒಂದು ಕೈಯನ್ನೇ ಹೆಚ್ಚಾಗಿ ಒಳಗೆ ಬಿಟ್ಟುಕೊಂಡಿತು. ಓಣಿಯೊಳಗೆ ರಾಸಾಯನಿಕ ಕ್ರಿಯೆ ನಡೆಸಿದರೆ ಹುಟ್ಟಿದ ವಸ್ತುವಿನಲ್ಲೂ ಒಂದು ಕೈ ಕೊಂಚ ಮೇಲಾಯಿತು. ಕೊಂಚ ಎಂದರೆ ನಿಜಕ್ಕೂ ಕೊಂಚವೇ, ನೂರಕ್ಕೆ ಸುಮಾರು ಎಂಟರಷ್ಟು. ಕಾರ್ಖಾನೆಯವರು ಈ ಅಂಕಿ ನೋಡಿ ತಿರುಗಿಯೂ ನೋಡುವುದಿಲ್ಲ. ಆದರೆ ದಾರಿ ಇದೆ ಎಂದು ತಿಳಿಯಿತು. ಔಷಧದ ಎಡಬಲಗಳನ್ನು ಸೋಸುವ ಹಂದರಗಳ ಹುಡುಕಾಟಕ್ಕೆ ಅಲ್ಲಿಂದ ಬಲ ಬಂತು.

ಇದಕ್ಕಿಂತ ಬೆರಗಿನ ಸಂಗತಿ ಇನ್ನೊಂದಿದೆ. ಗಳುವಿಗೂ ಎಡಬಲವಿಲ್ಲ, ಗಂಟಿಗೂ ಇಲ್ಲ. ಆದರೂ ಕಟ್ಟಿ ನಿಂತ ಹಂದರಕ್ಕೆ ಎಡಬಲ ಬರಬಹುದು. ಬೆಣಚುಕಲ್ಲಿನಲ್ಲಿ ಆಗುವುದು ಇದೇ. ಸಿಲಿಕಾನ್, ಆಮ್ಲಜನಕ ಪರಮಾಣುಗಳಿಗೆ ಯಾವ ಕೈಯೂ ಇಲ್ಲ. ಅವು ಒಂದರ ಮೇಲೊಂದು ಕೂರುವಾಗ ಸುರುಳಿ ಸುತ್ತುತ್ತವೆ, ಆ ಸುರುಳಿ ಎಡಕ್ಕೋ ಬಲಕ್ಕೋ ಹೋಗಲೇಬೇಕು. ವೈಜ್‌ಮನ್ ಸಂಸ್ಥೆಯಲ್ಲೇ ಮರಿಯಾ ಕಿಯಾರಾ ದಿ ಗ್ರೆಗೊರಿಯೊ, ಮಿಖಲ್ ಲಹಾವ್, ಮಿಲ್ಕೊ ವಾನ್ ಡೆರ್ ಬೂಮ್ ಮತ್ತು ಸಂಗಡಿಗರು 2020ರಲ್ಲಿ ಇಂಥ ಲೋಹ-ಸಾವಯವ ಹರಳುಗಳನ್ನು ವರದಿ ಮಾಡಿದರು. ಬಳಸಿದ ಸಾಮಗ್ರಿಯಲ್ಲಿ ಎಡಬಲದ ಸುಳಿವೇ ಇಲ್ಲ. ಹುಟ್ಟಿದ ಹರಳುಗಳ ಆಕಾರ ದಾರ ಸುತ್ತುವ ಯೋಯೋ ಆಟಿಕೆಯಂತೆ. ಹರಳೆಂದರೆ ಚಪ್ಪಟೆ ಮುಖ, ನೇರ ಅಂಚು ಎಂಬ ನಮ್ಮ ತಿಳಿವಳಿಕೆಗೆ ಇವು ಜಗ್ಗುವುದಿಲ್ಲ. ನೋಡಿದರೆ ಹಲವು ತುಂಡುಗಳು ಸೇರಿ ಆದಂತೆ ಕಾಣುತ್ತವೆ. ಎಕ್ಸ್ ಕಿರಣದಲ್ಲಿ ಪರೀಕ್ಷಿಸಿದರೆ ಆದಿಯಿಂದ ಅಂತ್ಯದವರೆಗೆ ಒಂದೇ ಅಖಂಡ ಹರಳು. ಎಡಬಲ ಅಣುಗಳ ಜೋಡಣೆಯಲ್ಲೂ ಇದೆ, ಸೂಕ್ಷ್ಮದರ್ಶಕದಲ್ಲಿ ಕಾಣುವ ಆಕಾರದಲ್ಲೂ ಇದೆ.

ಇಲ್ಲಿ ಒಂದು ಸಹಜ ಪ್ರಶ್ನೆ ಏಳುತ್ತದೆ. ಯಾರೂ ದಿಕ್ಕು ತೋರಿಸದಿದ್ದರೆ ಹರಳು ಎಡವಾಗುವುದೋ ಬಲವಾಗುವುದೋ ಎಂದು ತೀರ್ಮಾನಿಸುವವರು ಯಾರು? ಯಾರೂ ಅಲ್ಲ, ಆಕಸ್ಮಿಕ. ಒಂದೇ ಬಟ್ಟಲಿನಲ್ಲಿ ಎರಡೂ ಹುಟ್ಟುತ್ತವೆ, ಸರಾಸರಿ ಸಮಸಮ. ಆದರೆ ಆಕಸ್ಮಿಕವನ್ನೂ ಬಾಗಿಸಬಹುದು ಎಂದು ದಿಲೀಪ್ ಕೊಂಡೇಪುಡಿ ಮತ್ತು ಸಂಗಡಿಗರು 1990ರಲ್ಲಿ ಅದೇ ಸಪ್ಪೆ ಮೋರೆಯ ಸೋಡಿಯಂ ಕ್ಲೋರೇಟ್ ಹಿಡಿದು ತೋರಿಸಿದರು. ದ್ರಾವಣವನ್ನು ಅಲುಗಾಡಿಸದೆ ಬಿಟ್ಟರೆ ಎಡ ಬಲ ಬೆರಕೆ. ಹರಳುಗಟ್ಟುವಾಗ ಕದಡುತ್ತಲೇ ಇದ್ದರೆ ಆ ಬಟ್ಟಲಿನ ಬಹುತೇಕ ಎಲ್ಲ ಹರಳುಗಳೂ ಒಂದೇ ಕೈಯವು. ಮೊದಲು ಹುಟ್ಟಿದ ಹರಳು ಕದಡುವಿಕೆಗೆ ಸಿಕ್ಕಿ ಸಾವಿರಾರು ಚೂರುಗಳನ್ನು ಉದುರಿಸುತ್ತದೆ. ಆ ಚೂರುಗಳೇ ಬೀಜವಾಗಿ ಇಡೀ ಬಟ್ಟಲನ್ನು ಆಕ್ರಮಿಸುತ್ತವೆ. ಮುಂದಿನ ಬಟ್ಟಲು ಎಡವಾಗಬಹುದು, ಬಲವಾಗಬಹುದು, ಹೇಳಲಾಗದು. ಜೀವಿಗಳೆಲ್ಲ ಒಂದೇ ಕೈಯ ಅಣುಗಳಿಗೆ ಯಾಕೆ ಅಂಟಿಕೊಂಡವು ಎಂದು ಯೋಚಿಸುವವರಿಗೆ ಈ ಪ್ರಯೋಗ ಬಹಳ ಪ್ರಿಯ. ನಾನು ಅಷ್ಟು ದೂರ ಹೋಗುವುದಿಲ್ಲ. ಬಟ್ಟಲಿನಿಂದ ಜೀವದವರೆಗಿನ ಹಾದಿ ಬಹಳ ಉದ್ದ.

ಕೊನೆಯದಾಗಿ ಒಂದು ಹಂದರದ ವಿಷಯ. ಯಾಘಿ ಅವರ ಬಳಗ ಅಲ್ಯೂಮಿನಿಯಂ ಗಂಟುಗಳಿಂದ ಕಟ್ಟಿದ ಎಂಒಎಫ್-520 ಎಂಬ ಹರಳಿಗೂ ಎಡಬಲ ಬರುವುದು ಜೋಡಣೆಯಿಂದಲೇ. 2016ರಲ್ಲಿ ಅವರು ಇದನ್ನು ಒಂದು ಹೊಸ ಕೆಲಸಕ್ಕೆ ಹಚ್ಚಿದರು. ಹರಳುಗಟ್ಟಲು ಒಲ್ಲದ ಅಣುವಿನ ರಚನೆ ತಿಳಿಯುವುದು ರಸಾಯನ ತಜ್ಞರಿಗೆ ಹಳೆಯ ತಲೆನೋವು. ಅಂಥ ಅಣುವನ್ನು ಹಂದರದೊಳಕ್ಕೆ ಬಿಟ್ಟರೆ ಅದು ಗಂಟುಗಳನ್ನು ಹಿಡಿದುಕೊಂಡು ಸಾಲಾಗಿ ನಿಲ್ಲುತ್ತದೆ. ಸಾಲಾಗಿ ನಿಂತದ್ದನ್ನು ಎಕ್ಸ್ ಕಿರಣ ಓದಬಲ್ಲದು. ಹಂದರದ ಕೈ ಯಾವುದೆಂದು ಮೊದಲೇ ಗೊತ್ತಿರುವುದರಿಂದ ಅದರ ಪಕ್ಕದಲ್ಲಿಟ್ಟು ಅತಿಥಿಯ ಕೈಯನ್ನೂ ಹೇಳಬಹುದು. ಹೀಗೆ ಓದಿದ ಹದಿನಾರು ಅಣುಗಳಲ್ಲಿ ಜಾಸ್ಮೊನಿಕ್ ಆಮ್ಲವೂ ಒಂದು. ಗಿಡಗಳು ಕೀಟ ಕಚ್ಚಿದಾಗ ಎಚ್ಚರಿಕೆಯ ಸಂಕೇತವಾಗಿ ತಯಾರಿಸುವ ವಸ್ತು ಇದು. ಇದರ ಹತ್ತಿರದ ನಂಟ ಮೊದಲು ಸಿಕ್ಕಿದ್ದು ಜಾಜಿ ಹೂವಿನ ತೈಲದಲ್ಲಿ. ಮಾಮೂಲಿ ಉಷ್ಣತೆಯಲ್ಲಿ ಇದು ಎಣ್ಣೆಯ ಹಾಗೆ ಜಿಗುಟು ದ್ರವ, ತನ್ನಷ್ಟಕ್ಕೆ ಹರಳಾಗುವ ಜಾಯಮಾನದ್ದಲ್ಲ. ಅಲ್ಯೂಮಿನಿಯಂ ಹಂದರದ ಗಂಟಿಗೆ ಕಟ್ಟಿಹಾಕಿದ ಮೇಲೆ ಅದರ ಎಡಬಲವೂ ಅಳತೆಗೆ ಸಿಕ್ಕಿತು.